ಮಹಾದೇವಿ ಸಾಕ್ಷಿ ಹೇಳಿದ ಬೇಸಿಗೆ

ಈಚೆಗೆ ಬೀದರಿಗೆ ಹೋಗಿದ್ದೆ. ಹಳೆಯ ಸಹೋದ್ಯೋಗಿಯೊಬ್ಬರ ಮೊಮ್ಮಗಳ ಮದುವೆ, ಚಿದ್ರಿಯಲ್ಲಿ. ಊಟವಾದ ಮೇಲೆ ಸುಮ್ಮನೆ ಕೂತಿರಲಾರದೆ ಆಟೋ ಹತ್ತಿ ಗಾಂಧಿ ಗಂಜಿಗೆ ಹೋದೆ. ಹೊಸ ತೊಗರಿ ಬಂದ ದಿನಗಳು. ಹಮಾಲರು ಚೀಲ ಇಳಿಸುತ್ತಿದ್ದರು, ಬೀದಿ ತುಂಬ ಹೊಟ್ಟಿನ ದೂಳು. ಅಲ್ಲೊಂದು ಕಬ್ಬಿಣದ ಸಾಮಾನಿನ ಅಂಗಡಿಯ ಮುಂದೆ ಪಾತಾಳಗರಡಿ ನೇತುಹಾಕಿದ್ದರು. ಬಾವಿಗೆ ಬಿದ್ದ ಕೊಡವನ್ನು ಎತ್ತಲು ಹಗ್ಗಕ್ಕೆ ಕಟ್ಟಿ ಇಳಿಬಿಡುವ ಕೊಕ್ಕೆಗಳ ಗೊಂಚಲು. ಮುಟ್ಟಿ ನೋಡಿದೆ.

"ಅದನ್ನ ಈಗ ಯಾರ್ ಒಯ್ತಾರ್ರಿ? ನಮ್ಮಪ್ಪ ಇದ್ದಾಗಿಂದು, ಹಂಗೇ ಜೋತಾಡ್ಲಿಕತ್ತದ," ಎಂದ ಅಂಗಡಿಯವ.

ಕೊಕ್ಕೆಯ ತುದಿ ಬೆರಳಿಗೆ ತಾಗಿದಾಗ ಔರಾದಿನ ದವಾಖಾನೆಯ ಹಿಂದಿನ ತಗಡಿನ ಕೊಠಡಿ ಕಣ್ಣ ಮುಂದೆ ಬಂತು. ಆ ಕೊಠಡಿಯ ಸೆಕೆ, ಹೊರಗೆ ನಿಂತ ಜನರ ಗದ್ದಲ, ಮೇಜಿನ ಮೇಲೆ ಮಲಗಿದ್ದ ವೈಜನಾಥ.

ನಾನು ಮಂಡ್ಯದ ಕಡೆಯವನು. ಮೈಸೂರಿನಲ್ಲಿ ವೈದ್ಯಕೀಯ ಓದಿ, ಸರ್ಕಾರಿ ಕೆಲಸಕ್ಕೆ ಸೇರಿ, ಇನ್ನೂ ಕೈ ಹದವಾಗುವ ಮೊದಲೇ ಬೀದರಿಗೆ ವರ್ಗವಾಯಿತು. ಆ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ತಿಂಗಳಾಗಿದ್ದವು. ಕಚೇರಿಗಳ ಮುಂದೆ ಉರ್ದು ಹಲಗೆ ಇಳಿಸಿ ಕನ್ನಡ ಹಲಗೆ ಏರಿಸುತ್ತಿದ್ದರು. ಒಳಗಿನ ಕಾಗದಪತ್ರಗಳು ಮಾತ್ರ ಉರ್ದುವಿನಲ್ಲೇ ಇದ್ದವು. ನನ್ನ ಕನ್ನಡ ಕೇಳಿ ರೋಗಿಗಳು ನಗುತ್ತಿದ್ದರು. ಅವರ ಕನ್ನಡ ನನಗೆ ಅರ್ಧ ತಿಳಿಯುತ್ತಿತ್ತು, ಔರಾದ ಕಡೆಯವರು ಮರಾಠಿ ಬೆರೆಸಿದರೆ ಅದೂ ಇಲ್ಲ. ಆಗೆಲ್ಲ ನಡುವೆ ನಿಂತು ನಮ್ಮಿಬ್ಬರನ್ನೂ ಕಾಪಾಡುತ್ತಿದ್ದವರು ಕಂಪೌಂಡರ್ ಖಾದರ್ ಮಿಯಾ. ನನ್ನ ತಂದೆಯ ವಯಸ್ಸಿನವರು, ಬಿಳಿ ಗಡ್ಡ, ಮೆಲುಮಾತು.

ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಚಿಕ್ಕವನಾದ್ದರಿಂದ ಯಾರಿಗೂ ಬೇಡವಾದ ಕೆಲಸ ನನ್ನ ಪಾಲಿಗೆ ಬಂತು. ಹೆಣ ಕೊಯ್ದು ಸಾವಿನ ಕಾರಣ ಬರೆಯುವುದು. ಬೀದರಿನಲ್ಲಷ್ಟೇ ಅಲ್ಲ, ಭಾಲ್ಕಿಗೂ ಔರಾದಿಗೂ ಹೇಳಿಕಳಿಸಿದಾಗೆಲ್ಲ ಹೋಗಬೇಕು. ಭಾಲ್ಕಿಗೆ ರೈಲು, ಔರಾದಿಗೆ ಪೊಲೀಸ್ ಜೀಪು.

ಆ ಸುಗ್ಗಿಯಲ್ಲಿ ಕಂಡಷ್ಟು ಕೊಲೆಗಳನ್ನು ನಾನು ಮುಂದೆ ಯಾವ ಊರಿನಲ್ಲೂ ಕಾಣಲಿಲ್ಲ. ಜೋಳ ಕೊಯ್ಯುವ ಹೊತ್ತಿಗೆ ಗಂಡಸರ ಹೆಣಗಳು ಬರತೊಡಗಿದವು. ಬದುವಿನ ಜಗಳ, ನೀರಿನ ಜಗಳ, ಬಣವೆಗೆ ಯಾರದೋ ದನ ನುಗ್ಗಿದ ಜಗಳ. ಕೊಲ್ಲಲೆಂದು ಆಯುಧ ಹುಡುಕಿಕೊಂಡು ಬಂದವರು ಕಡಿಮೆ. ಆ ಗಳಿಗೆಯಲ್ಲಿ ಕೈಯಲ್ಲಿ ಏನಿತ್ತೋ ಅದೇ ಆಯುಧ. ಕುಡುಗೋಲು, ಕೊಡಲಿ, ನೊಗದ ಗೂಟ, ಕಾಲ ಬಳಿಯ ಕಲ್ಲು. ಹೊಡೆತ ತಲೆಗೆ, ಅದನ್ನು ತಡೆಯಲು ಎತ್ತಿದ ಮುಂಗೈಯಲ್ಲಿ ಇನ್ನೊಂದು ಗಾಯ. ಕೊಂದವನು ಎಷ್ಟೋ ಸಲ ತಾನೇ ಠಾಣೆಗೆ ಬಂದು ಕೂತಿರುತ್ತಿದ್ದ. ಹೆಂಗಸರ ಹೆಣಗಳು ಮನೆಯೊಳಗಿಂದ ಬರುತ್ತಿದ್ದವು. ಅವುಗಳ ಜೊತೆ ಬಂದವರ ಬಾಯಲ್ಲಿ ಮಾತು ಮೊದಲೇ ಸಿದ್ಧವಾಗಿರುತ್ತಿತ್ತು: ಕಾಲು ಜಾರಿತು, ಒಲೆಯ ಕಿಡಿ ಸೀರೆಗೆ ಹತ್ತಿತು, ತಾನೇ ನೇಣು ಹಾಕಿಕೊಂಡಳು. ಕೊರಳಿನ ಸುತ್ತ ಹಗ್ಗದ ಗುರುತು ಯಾರೋ ಬಿಗಿದಂತೆ ಸಮನಾಗಿ ಓಡಿದೆಯೋ, ನೇಣಿನಂತೆ ಕಿವಿಯ ಕಡೆಗೆ ಏರಿದೆಯೋ ಎಂದು ನಾನು ನೋಡುವಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ದಿನಗಳೆದಂತೆ ಒಂದು ಅಂಜಿಕೆ ನನ್ನೊಳಗೆ ಕೂತಿತು. ನಾನು ಬರೆಯುವ ಒಂದು ಸಾಲಿನ ಮೇಲೆ ಬದುಕಿರುವ ಯಾರದೋ ಕೊರಳು ನೇತಾಡುತ್ತಿದೆ ಎಂಬ ಅಂಜಿಕೆ.

ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ಒಂದು ದಿನ ಮಧ್ಯಾಹ್ನ ಔರಾದಿನಿಂದ ಜೀಪು ಬಂತು. ಹತ್ತಿರದ ಹಳ್ಳಿಯೊಂದರಲ್ಲಿ ರೈತನೊಬ್ಬನ ಕೊಲೆ, ಹೆಣ ಬಾವಿಯಲ್ಲಿ ಸಿಕ್ಕಿದೆ. ಖಾದರ್ ಮಿಯಾ ಉಪಕರಣಗಳ ಪೆಟ್ಟಿಗೆ ಹಿಡಿದು ನನ್ನ ಪಕ್ಕ ಕೂತರು. ದಾರಿಯುದ್ದಕ್ಕೂ ಬಿರುಕು ಬಿಟ್ಟ ಕಪ್ಪು ನೆಲ, ಕೊಯ್ದ ಜೋಳದ ಕೂಳೆ.

ಹೆಣವನ್ನು ತಂದಿದ್ದ ಔರಾದಿನ ದವಾಖಾನೆಯ ಮುಂದೆ ಆ ಹಳ್ಳಿಗೆ ಹಳ್ಳಿಯೇ ಬಂದು ನಿಂತಿತ್ತು. ಹಲವರ ಹೆಗಲ ಮೇಲೆ ಕೊಡಲಿ. ಅಲ್ಲಿನ ಸಬ್ ಇನ್ಸ್‌ಪೆಕ್ಟರರನ್ನು ಜನ ಹಳೆಯ ರೂಢಿಯಂತೆ ಅಮೀನ್ ಸಾಹೇಬರು ಎನ್ನುತ್ತಿದ್ದರು. ಅವರು ನನ್ನನ್ನು ಪಕ್ಕಕ್ಕೆ ಕರೆದರು.

"ಡಾಕ್ಟರ್ ಸಾಬ್, ಸತ್ತಾಂವ ವೈಜನಾಥ ಅಂತ. ನಿನ್ನಿ ಸಂಜಿಮುಂದ ಇವನ ಹೊಲದ ಬಾವ್ಯಾಗ ಕೇರಿ ಹುಡುಗ ನಾಮದೇವ ನೀರು ಸೇದ್ಯಾನ. ಇಂವ ಬೈದಾನ, ಅಂವ ತಿರುಗಿ ಬೈದಾನ. ಮುಂಜಾನಿ ನೋಡಿದ್ರ ಅದೇ ಬಾವ್ಯಾಗ ಇವನ ಹೆಣ, ತಲಿ ಒಡದದ. ಹುಡುಗನ್ನ ಲಾಕಪ್ಪಿನ್ಯಾಗ ಇಟ್ಟೀನಿ. ನೀವು ಲಗೂನ ಮುಗಸ್ರಿ. ಈ ಮಂದಿ ಕೇರಿಗೆ ಬೆಂಕಿ ಇಟ್ರ ನನ್ನ ಹತ್ರ ನಾಕ್ ಮಂದಿ ಸಿಪಾಯಿಗಳಿಲ್ಲ."

ಊರಾಚೆಯ ದಲಿತರ ಕೇರಿಯಲ್ಲಿದ್ದ ನಾಮದೇವನ ಮನೆಯವರು ಆ ವರ್ಷವೇ ಬೌದ್ಧರಾಗಿದ್ದರು. ಹುಡುಗ ಮೆಟ್ರಿಕ್ ಪಾಸಾಗಿ ನೌಕರಿ ಹುಡುಕುತ್ತಿದ್ದ. 'ನಮ್ಮ ಬಾವಿಗೆ ಬರಬೇಡ' ಎಂಬ ಮಾತಿಗೆ ತಲೆ ತಗ್ಗಿಸದಿದ್ದದ್ದು ಊರಿಗೆ ಕೊಲೆಯಷ್ಟೇ ದೊಡ್ಡ ತಪ್ಪಾಗಿ ಕಂಡಿತ್ತು ಎಂಬುದು ನನಗೆ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ತಗಡಿನ ಕೊಠಡಿ ಕಾದ ಹೆಂಚಿನಂತಿತ್ತು. ವೈಜನಾಥ ನಲವತ್ತರ ಆಚೀಚಿನ ಗಟ್ಟಿ ಆಳು. ತಲೆಯ ಹಿಂಭಾಗದಲ್ಲಿ ಚರ್ಮ ಹರಿದು ಎಲುಬು ಕಾಣುತ್ತಿತ್ತು, ಕತ್ತಿನ ಬಳಿ ಇನ್ನೊಂದು ಆಳವಾದ ಸೀಳು. ನೋಡಿದವರು ಯಾರಾದರೂ ಕೊಡಲಿಯೇಟು ಎನ್ನುತ್ತಿದ್ದರು. ನಾನೂ ಮೊದಲು ಹಾಗೆಯೇ ಅಂದುಕೊಂಡೆ. ಆದರೆ ಗಾಯದ ಅಂಚು ಬಿಡಿಸಿ ನೋಡಿದಾಗ ಕೈ ನಿಂತಿತು. ಒಳಗಿನ ಮಾಂಸ ತೊಳೆದಿಟ್ಟಂತೆ ಬೆಳ್ಳಗಿತ್ತು. ಬದುಕಿದ್ದವನಿಗೆ ಏಟು ಬಿದ್ದರೆ ರಕ್ತ ಸುತ್ತಲಿನ ಮಾಂಸದೊಳಗೆ ಇಂಗಿ ಕಪ್ಪಗಾಗಿ ಹೆಪ್ಪುಗಟ್ಟಿರಬೇಕು. ಇಲ್ಲಿ ಅದರ ಸುಳಿವೇ ಇರಲಿಲ್ಲ. ಎದೆ ತೆರೆದಾಗ ಉಸಿರುನಾಳದ ತುಂಬ ನುಣ್ಣನೆಯ ನೊರೆ, ನೊರೆಯಲ್ಲಿ ಬಾವಿಯ ಕೆಸರು. ಈ ಮನುಷ್ಯ ನೀರಿಗೆ ಬಿದ್ದಾಗ ಉಸಿರಾಡುತ್ತಿದ್ದ. ಅವನ ತಲೆ ಒಡೆದದ್ದು ಅವನು ಸತ್ತ ಮೇಲೆ.

"ಹೆಣ ಎತ್ತಿದವರು ಯಾರು?" ಎಂದು ಬಾಗಿಲಲ್ಲಿ ನಿಂತು ಕೇಳಿದೆ.

ವೈಜನಾಥನ ಅಣ್ಣ ಸಂಗಪ್ಪ ಮುಂದೆ ಬಂದ. ದಪ್ಪ ಮೀಸೆ, ಊರಿನಲ್ಲಿ ಮಾತು ನಡೆಯುವ ಮನುಷ್ಯ. "ನಾವೇ ಎತ್ತೀವ್ರಿ. ತಳಕ್ಕ ಕುಂತಿದ್ದ. ಪಾತಾಳಗರಡಿ ಹಾಕಿ ಜಗ್ಗೀವಿ. ಯಾಕ್ರಿ?"

ಅದನ್ನು ತರಿಸಿದೆ. ಖಾದರ್ ಮಿಯಾ ಹಿಡಿದುಕೊಂಡರು, ನಾನು ಅಳತೆ ಹಿಡಿದೆ. ಎರಡು ಕೊಕ್ಕೆಗಳ ನಡುವಿನ ಅಂತರಕ್ಕೂ ಎರಡು ಗಾಯಗಳ ನಡುವಿನ ಅಂತರಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ತಮ್ಮನ ತಲೆ ಹರಿದದ್ದು ಅಣ್ಣ ಜಗ್ಗಿದ ಹಗ್ಗದಿಂದ.

ಅಮೀನ್ ಸಾಹೇಬರಿಗೆ ಹೇಳಿದೆ. ಅವರು ಟೋಪಿ ತೆಗೆದು ಬೆವರು ಒರೆಸಿಕೊಂಡರು. "ನೀರಾಗ ರಕ್ತ ತೊಳದು ಹೋಗಿರ್ತದ, ಸಾಬ್."

"ಮೇಲಿನ ರಕ್ತ ತೊಳೆದು ಹೋಗುತ್ತೆ. ಮಾಂಸದೊಳಗೆ ಇಂಗಿದ್ದು ಹೋಗಲ್ಲ."

"ಆಯ್ತು, ಹೊಡದಿಲ್ಲ. ದೂಡ್ಯಾನ. ಅದಕ್ಕೇನಂತೀರಿ?"

ಬೆನ್ನ ಹಿಂದಿನಿಂದ ದೂಡಿದ ಕೈ ಹೆಣದ ಮೇಲೆ ಗುರುತು ಉಳಿಸುವುದಿಲ್ಲ. ಒಳಗೆ ಹೋಗಿ ಮತ್ತೆ ಮೊದಲಿನಿಂದ ನೋಡಿದೆ. ಬಾಯಿ ಬಿಗಿದಿತ್ತು. ಕಷ್ಟಪಟ್ಟು ಬಿಡಿಸಿದೆವು. ನಾಲಿಗೆಯ ಒಂದು ಅಂಚು ಹಲ್ಲಿಗೆ ಸಿಕ್ಕಿ ಜಜ್ಜಿಹೋಗಿತ್ತು. ಅಲ್ಲಿ ರಕ್ತ ಕಪ್ಪಗೆ ಇಂಗಿತ್ತು. ಆ ಹಸಿ ಗಾಯದ ಪಕ್ಕದಲ್ಲಿ ಹಿಂದೆ ಯಾವಾಗಲೋ ಕಚ್ಚಿ ಮಾಯ್ದ ಗೀರುಗಳು. ಎಡ ಮುಂಗೈಯಲ್ಲಿ ಹಳೆಯ ಸುಟ್ಟ ಕಲೆ, ಒಲೆಯ ಮೇಲೆ ಬಿದ್ದವರಿಗೆ ಆಗುವಂಥದ್ದು.

ಖಾದರ್ ಮಿಯಾ ನನ್ನತ್ತ ನೋಡಿದರು. "ಮಿರ್ಗಿ?" ಎಂದರು ಮೆಲ್ಲಗೆ. ಮೂರ್ಛೆರೋಗಕ್ಕೆ ಆ ಸೀಮೆಯ ಮಾತು ಅದು. ನಾನು ತಲೆಯಾಡಿಸಿದೆ.

ಸಂಗಪ್ಪನನ್ನು ಕರೆದು ಕೇಳಿದೆ. "ನಿಮ್ಮ ತಮ್ಮನಿಗೆ ಆಗಾಗ ಎಚ್ಚರ ತಪ್ಪಿ ಬೀಳುವ ರೋಗ ಇತ್ತಾ?"

ಅವನ ಕಣ್ಣು ಒಂದು ಗಳಿಗೆ ನೆಲ ನೋಡಿತು. ಆಮೇಲೆ ದನಿ ಏರಿತು. "ಯಾರ್ ಹೇಳ್ಯಾರ? ನಮ್ಮ ಮನ್ಯಾಗ ಅಂಥಾ ರೋಗ ಯಾರಿಗೂ ಇಲ್ಲ. ಎತ್ತಿನಂಗ ಇದ್ದ ನನ್ನ ತಮ್ಮ. ಕೊಂದಾಂವಗ ಬಿಟ್ಟು ಸತ್ತಾಂವಗ ರೋಗ ಹಚ್ತೀರೇನು? ಮೈಸೂರಿಂದ ಬಂದದ್ದು ಇದಕ್ಕೇನ್ರಿ?"

ಹೊರಗಿನ ಗದ್ದಲ ಒಮ್ಮೆಗೇ ನಿಂತು, ಎರಡು ಪಟ್ಟಾಗಿ ಎದ್ದಿತು. ಗುಂಪು ಬಾಗಿಲವರೆಗೆ ಒತ್ತಿ ಬಂತು. ತಗಡಿಗೆ ಕಲ್ಲೊಂದು ಬಡಿದ ಸದ್ದಿಗೆ ನಾನು ಕೈಯಲ್ಲಿದ್ದ ಚಿಮಟ ಕೆಡವಿದೆ. ಅಮೀನ್ ಸಾಹೇಬರು ಬಾಗಿಲಿಗೆ ಅಡ್ಡ ನಿಂತು, ಪಿಸ್ತೂಲಿಗೆ ಕೈ ಹಾಕದೆ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂಗಿ ಹಿಂದೆ ಸರಿಸಿದರು. ಹುಡುಗನನ್ನು ಬಿಟ್ಟುಬಿಡಿ ಎಂದು ಹೇಳಲು ನಾನು ಬಾಯಿ ತೆರೆದಾಗ ಅವರೇ ಅಂದರು, "ಈಗ ಬಿಟ್ರ ಅಂವ ಚೌಕ ದಾಟಂಗಿಲ್ಲ, ಸಾಬ್. ಲಾಕಪ್ಪಿನ್ಯಾಗ ಇದ್ರ ಜೀವಂತ ಇರ್ತಾನ."

ವರದಿಯಲ್ಲಿ ಕಂಡದ್ದೆಲ್ಲ ಬರೆದೆ. ನೀರಿನಲ್ಲಿ ಉಸಿರುಗಟ್ಟಿ ಸಾವು, ತಲೆಯ ಗಾಯಗಳು ಸಾವಿನ ನಂತರದವು, ನಾಲಿಗೆಯ ಗಾಯದಿಂದ ಮೂರ್ಛೆಯ ಅನುಮಾನ. ಅನುಮಾನ ಎಂಬ ಆ ಪದವೇ ಮುಳ್ಳಾಗಿತ್ತು. ಅದನ್ನು ಖಚಿತ ಎಂದು ಬದಲಿಸಲು ನನಗೆ ಹಕ್ಕಿರಲಿಲ್ಲ.

ನಾಮದೇವನ ತಾಯಿ ಸೋನಾಬಾಯಿ ಬೀದರಿಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂರತೊಡಗಿದಳು. ಏನೂ ಕೇಳುತ್ತಿರಲಿಲ್ಲ, ನಾನು ಹೋಗುವಾಗ ಬರುವಾಗ ಎದ್ದು ನಿಲ್ಲುತ್ತಿದ್ದಳು. ಕೇರಿಯವರಿಗೆ ಕೂಲಿ ನಿಂತಿತ್ತು, ಅಂಗಡಿಯಲ್ಲಿ ಉಪ್ಪೂ ಕೊಡುತ್ತಿರಲಿಲ್ಲ. ಅದನ್ನು ಖಾದರ್ ಮಿಯಾ ಅವಳಿಂದ ಕೇಳಿ ನನಗೆ ಹೇಳಿದರು. ನಾನು ಹಿಂದಿನ ಬಾಗಿಲಿನಿಂದ ಓಡಾಡಲು ಶುರು ಮಾಡಿದೆ.

ವಾರಕ್ಕೊಮ್ಮೆ ನಾನು ಭಾಲ್ಕಿಯ ದವಾಖಾನೆಗೆ ಹೋಗುತ್ತಿದ್ದೆ. ಅಲ್ಲಿಗೆ ಒಂದು ಸಂತೆಯ ದಿನ ಮೆಹಕರದಿಂದ ಚಕ್ಕಡಿಯಲ್ಲಿ ಒಬ್ಬ ಹೆಂಗಸನ್ನು ಕರೆತಂದರು. ಊಟ ಬಿಟ್ಟಿದ್ದಾಳೆ, ನಿಂತಲ್ಲಿ ಕಣ್ಣು ಕತ್ತಲೆಯಾಗುತ್ತದೆ. ಹೆಸರು ಮಹಾದೇವಿ. ಗಂಡನ ಹೆಸರು ಹೇಳುವಾಗ ಜೊತೆಗೆ ಬಂದ ಅವಳ ತಮ್ಮ ದನಿ ತಗ್ಗಿಸಿದ: ವೈಜನಾಥನ ಹೆಂಡತಿ. ಗಂಡನ ಉತ್ತರಕ್ರಿಯೆ ಮುಗಿದ ಮೇಲೆ ತವರಿಗೆ ಬಂದಿದ್ದಳು.

ನಾಡಿ ನೋಡಿದೆ. ತಮ್ಮನನ್ನು ಹೊರಗೆ ಕೂರಲು ಹೇಳಿ, ಬಾಗಿಲ ಬಳಿ ಖಾದರ್ ಮಿಯಾರನ್ನು ನಿಲ್ಲಿಸಿ, ಕೇಳಿಯೇ ಬಿಟ್ಟೆ.

"ಅಮ್ಮ, ನಿಮ್ಮ ಯಜಮಾನರಿಗೆ ಮಿರ್ಗಿ ಇತ್ತಲ್ಲವೇ?"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ, "ನಮ್ಮ ಭಾವ ನಿಮಗೇನ್ ಹೇಳ್ಯಾರ್ರಿ?" ಎಂದಳು.

"ಇಲ್ಲ ಅಂದರು."

"ಹಂಗಾದ್ರ ಇಲ್ರಿ."

"ಆ ಹುಡುಗ ಗಲ್ಲಿಗೆ ಹೋಗಬಹುದು, ಅಮ್ಮ."

"ನನ್ನ ಮಗಳ ಲಗ್ನ ಗೊತ್ತಾಗ್ಯದ್ರಿ, ಸಾಹೇಬ್ರ." ಅವಳ ದನಿಯಲ್ಲಿ ಸಿಟ್ಟಿತ್ತು. "ಅಪ್ಪಗ ಮಿರ್ಗಿ ಇತ್ತಂದ್ರ ಆಕಿನ್ನ ಯಾರ್ ಒಯ್ತಾರ್ರಿ? ನಮ್ಮ ಭಾವನ ಹೆಣ್ಮಕ್ಕಳಿಗೆ ಯಾರ್ ಬರ್ತಾರ? ಲಗ್ನಾದಾಗಿಂದ ಅದೊಂದ್ ಮಾತು ಹೊಟ್ಯಾಗ ಇಟಗೊಂಡು ಬಂದೀನಿ. ನೀವು ಡಾಕ್ಟರ್ ಅದೀರಿ, ಕಾಗದದಾಗ ಬರೀರಿ. ನನಗ್ಯಾಕ ಕೇಳ್ತೀರಿ?"

"ಬರೆದಿದ್ದೇನೆ. ಅಷ್ಟು ಸಾಲದು."

ಅವಳು ಎದ್ದಳು. ಔಷಧಿಯ ಬಾಟಲಿಯನ್ನೂ ತೆಗೆದುಕೊಳ್ಳದೆ ಹೋದಳು. ಖಾದರ್ ಮಿಯಾ ಅದನ್ನು ಹಿಡಿದುಕೊಂಡು ಚಕ್ಕಡಿಯವರೆಗೆ ಹೋಗಿ ಕೊಟ್ಟು ಬಂದರು. "ಇನ್ನ ಆಕಿಗೆ ಕೇಳಬ್ಯಾಡ್ರಿ, ಡಾಕ್ಟರ್ ಸಾಬ್," ಎಂದರು. "ಎರಡೂ ಕಡಿ ಮಕ್ಕಳೇ ಅದಾವ."

ವಿಚಾರಣೆ ಬೀದರಿನಲ್ಲಿ ನಡೆಯಿತು. ನಾಮದೇವನನ್ನು ಸೆಷನ್ಸ್ ಕೋರ್ಟಿಗೆ ಒಪ್ಪಿಸಬೇಕೋ ಬೇಡವೋ ಎಂಬುದನ್ನು ಮ್ಯಾಜಿಸ್ಟ್ರೇಟರು ನಿರ್ಧರಿಸಬೇಕಿತ್ತು. ಕೋರ್ಟಿನ ಅಂಗಳದಲ್ಲಿ ಒಂದು ಕಡೆ ತಲೆಗೆ ಪಟಕಾ ಸುತ್ತಿದ ಹಳ್ಳಿಯವರು, ಇನ್ನೊಂದು ಗೋಡೆಗೆ ಒರಗಿ ಕೇರಿಯ ಕೆಲವರು. ನಡುವೆ ಪೊಲೀಸರು. ಕೋರ್ಟಿನ ಒಳಗೆ ಹೋದಾಗಲೇ ನಾನು ನಾಮದೇವನನ್ನು ಮೊದಲ ಬಾರಿ ನೋಡಿದ್ದು. ಸಣಕಲು ಹುಡುಗ, ಒಗೆದ ಬಿಳಿ ಅಂಗಿ, ಕೈಗೆ ಬೇಡಿ. ತಾಯಿಯ ಕಡೆ ನೋಡುತ್ತಿರಲಿಲ್ಲ. ನೋಡಿದರೆ ಅತ್ತುಬಿಡುತ್ತೇನೆ ಎಂಬಂತೆ ಕಿಟಕಿಯ ಕಡೆಗೇ ಮುಖ ಮಾಡಿ ನಿಂತಿದ್ದ.

ನನ್ನನ್ನು ಕರೆದರು. ಗಾಯಗಳ ವಿಷಯ ಹೇಳಿದೆ, ಪಾತಾಳಗರಡಿಯ ಅಳತೆ ಹೇಳಿದೆ. ಕೋರ್ಟಿನಲ್ಲಿ ಗುಸುಗುಸು ಎದ್ದಿತು. ಸಂಗಪ್ಪನ ಮುಖ ಬೂದಿಯಾಯಿತು. ತಮ್ಮನ ತಲೆ ಹರಿದದ್ದು ತನ್ನ ಕೈಯಿಂದ ಎಂಬುದು ಅವನಿಗೆ ಅಲ್ಲಿಯವರೆಗೆ ನಿಜವಾಗಿಯೂ ಹೊಳೆದಿರಲಿಲ್ಲ ಎಂದು ಕಾಣುತ್ತದೆ. ಸರ್ಕಾರಿ ವಕೀಲರು ಅವಸರ ಮಾಡಲಿಲ್ಲ. ಕನ್ನಡಕ ಒರೆಸಿ, ಒಂದೇ ಪ್ರಶ್ನೆ ಕೇಳಿದರು.

"ಯಾರಾದರೂ ಹಿಂದಿನಿಂದ ದೂಡಿ ಬಾವಿಗೆ ಬೀಳಿಸಿದ್ದರೂ ನೀವು ಕಂಡ ಗುರುತುಗಳೇ ಇರುತ್ತಿದ್ದವು, ಅಲ್ಲವೇ?"

"ನಾಲಿಗೆಯ ಗಾಯ..."

"ನೀರಲ್ಲಿ ಒದ್ದಾಡುವಾಗ ನಾಲಿಗೆ ಕಚ್ಚಿಕೊಳ್ಳಲು ಸಾಧ್ಯವೋ ಇಲ್ಲವೋ?"

ಸೋನಾಬಾಯಿ ನನ್ನನ್ನೇ ನೋಡುತ್ತಿದ್ದಳು. ಇಲ್ಲ ಎನ್ನಬಹುದಿತ್ತು. ಆ ಒಂದು ಪದ ನಾಲಿಗೆಯ ತುದಿಯಲ್ಲಿ ಬಂದು ನಿಂತಿತು.

"ಸಾಧ್ಯ," ಎಂದೆ.

ಕಟಕಟೆಯಿಂದ ಇಳಿದು ಬೆಂಚಿನ ಮೇಲೆ ಕೂತೆ. ಮುಂದಿನ ಸಾಕ್ಷಿಯ ಹೆಸರು ಕೂಗಿದರು: ಮಹಾದೇವಿ. ಹಿಂದಿನ ಸಂಜೆಯ ಜಗಳವನ್ನು ಕಂಡವಳು ಎಂದು ಪೊಲೀಸರೇ ಕರೆಸಿದ ಸಾಕ್ಷಿ. ಬಿಳಿ ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಬಂದಳು. ಭಾಲ್ಕಿಯಲ್ಲಿ ಕಂಡದ್ದಕ್ಕಿಂತ ಇನ್ನೂ ಬಡವಾಗಿದ್ದಳು.

"ಈ ಹುಡುಗ ನಿಮ್ಮ ಗಂಡನಿಗೆ ಬೆದರಿಕೆ ಹಾಕಿದ್ದನ್ನು ಕೇಳಿದಿರಾ?"

"ಬೈದಾಡಿದ್ದು ಖರೆ ಅದರಿ. 'ನೀರು ನಿಮ್ಮಪ್ಪಂದೇನು' ಅಂದ. ಕೊಲ್ತೀನಿ ಅಂದಿಲ್ಲ."

"ಮಾರನೆಯ ಮುಂಜಾನೆ?"

ಹೊರಗೆ ಪಟಕಾದವರ ನಡುವೆ ಯಾರೋ ಕೆಮ್ಮಿದರು. ಸಂಗಪ್ಪ ಬೆಂಚಿನಿಂದ ಅರ್ಧ ಎದ್ದು ಕೂತ. ಮ್ಯಾಜಿಸ್ಟ್ರೇಟರು ತಲೆಯೆತ್ತಿ, "ಹೇಳಿ, ತಾಯಿ," ಎಂದರು.

"ನಮ್ಮ ಮನಿಯವರಿಗೆ ಮಿರ್ಗಿ ಇತ್ರಿ," ಎಂದಳು ಮಹಾದೇವಿ. ದನಿ ಕೋರ್ಟಿನ ಮೂಲೆಮೂಲೆಗೂ ಕೇಳುವಷ್ಟು ದೊಡ್ಡದಾಗಿತ್ತು. "ಲಗ್ನಾದ ವರ್ಷಾನೇ ನೋಡೀನಿ. ಒಲಿ ಮ್ಯಾಲ ಬಿದ್ದು ಕೈ ಸುಟಗೊಂಡಿದ್ದರು. ಅವತ್ತ ಮುಂಜಾನಿ ಎದ್ದಾಗಿಂದ ಕಣ್ಣು ಮಂಜಾಗ್ಯಾವ ಅಂತಿದ್ರು. ಮಿರ್ಗಿ ಬರೂ ಮುಂಚೆ ಹಂಗೇ ಆಗ್ತಿತ್ರಿ. ಇವತ್ತ ಬಾವಿ ಕಡಿ ಹೋಗಬ್ಯಾಡ್ರಿ ಅಂದೆ. ಕೇಳಲಿಲ್ಲ. ನಾ ರೊಟ್ಟಿ ಕಟ್ಗೊಂಡು ಹೋಗೂದ್ರಾಗ ಎತ್ತು ಹಂಗೇ ನಿಂತಿದ್ವು. ಬಾವಿಕಟ್ಟಿ ಮ್ಯಾಲ ಅವರ ಒಂದು ಚಪ್ಪಲಿ ಬಿದ್ದಿತ್ತು. ಅಲ್ಲಿ ಯಾರೂ ಇರಲಿಲ್ರಿ. ಈ ಹುಡುಗನೂ ಇರಲಿಲ್ಲ."

"ಸುಳ್ಳು!" ಸಂಗಪ್ಪ ಕೂಗಿದ. "ಮಗಳ ಬಾಳು ಸುಡ್ಲಿಕತ್ತೀ, ಮಹಾದೇವಿ!"

ಅವಳು ಅವನ ಕಡೆ ತಿರುಗಿದಳು. "ಸುಡ್ತೀನಿ, ಭಾವ. ನನಗೊತ್ತದ." ಆಮೇಲೆ ಸೋನಾಬಾಯಿಯತ್ತ ಕೈ ತೋರಿ ಅಷ್ಟೇ ಜೋರಾಗಿ, "ಆದ್ರ ಆಕಿ ಮಗಗ ಫಾಸಿ ಆದ ಮ್ಯಾಲ ನಾ ನನ್ನ ಮಗಳ ಲಗ್ನದಾಗ ಅಕ್ಷತಿ ಹ್ಯಾಂಗ ಹಾಕಲಿ?"

ಸಂಗಪ್ಪ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಕೂತುಬಿಟ್ಟ.

ಸೆಷನ್ಸಿಗೆ ಒಪ್ಪಿಸುವಷ್ಟು ಆಧಾರವಿಲ್ಲವೆಂದು ಮ್ಯಾಜಿಸ್ಟ್ರೇಟರು ಆದೇಶ ಬರೆಸಿದರು. ನಾಮದೇವನ ಬೇಡಿ ಬಿಚ್ಚಿದರು. ಅಂಗಳದಲ್ಲಿ ಯಾರೂ ಯಾರ ಮೇಲೂ ಕೈ ಎತ್ತಲಿಲ್ಲ. ಕೊಲೆಯಾಗದ ಸಾವಿಗೆ ಕೊಡಲಿ ಹೊತ್ತು ಬಂದಿದ್ದವರು ಪಟಕಾ ಸರಿಮಾಡಿಕೊಳ್ಳುತ್ತ, ಒಬ್ಬರ ಮುಖ ಒಬ್ಬರು ನೋಡದೆ ಚದುರಿದರು. ಸೋನಾಬಾಯಿ ಮಗನನ್ನು ತಬ್ಬಿ, ಬಿಟ್ಟು, ಮಹಾದೇವಿಯ ಕಡೆ ನಾಲ್ಕು ಹೆಜ್ಜೆ ನಡೆದಳು. ಹತ್ತಿರ ಹೋಗಿ ಮುಟ್ಟಲು ಧೈರ್ಯ ಸಾಲದೆ ನಿಂತಳು. ಮಹಾದೇವಿ ಅವಳನ್ನು ನೋಡಿ ಸೆರಗು ಸರಿಮಾಡಿಕೊಂಡು ತಮ್ಮನ ಹಿಂದೆ ನಡೆದುಹೋದಳು.

ನಾಮದೇವ ಮತ್ತೆ ಆ ಹಳ್ಳಿಯಲ್ಲಿ ಬಾಳಲಿಲ್ಲ. ಹೊಸ ರಾಜ್ಯದ ಕಚೇರಿಗಳಿಗೆ ಕನ್ನಡ ಬರೆಯಬಲ್ಲ ಗುಮಾಸ್ತರು ಬೇಕಾಗಿದ್ದರು. ಅವನಿಗೆ ಬೀದರಿನಲ್ಲೇ ನೌಕರಿ ಸಿಕ್ಕಿತು. ತಾಯಿಯನ್ನೂ ಕರೆಸಿಕೊಂಡ. ಮಹಾದೇವಿಯ ಮಗಳ ಲಗ್ನ ಮುರಿಯಿತು. ಗಂಡಿನ ಕಡೆಯವರು ಅದೇ ವಾರ ಹೇಳಿಕಳಿಸಿದರಂತೆ. ಅವಳ ಪಾಲಿನ ಹೊಲದ ಜೋಳವನ್ನು ಸಂಗಪ್ಪ ಚೀಲಕ್ಕೆ ತುಂಬಿಸಿ ಮೆಹಕರಕ್ಕೆ ಕಳಿಸಿದನೆಂದೂ, ತಾನು ಮಾತ್ರ ಆ ಮನೆಯ ಹೊಸ್ತಿಲು ತುಳಿಯಲಿಲ್ಲವೆಂದೂ ಆಮೇಲೆ ಕೇಳಿದೆ.

ಮಳೆ ಶುರುವಾದ ಮೇಲೆ ಒಮ್ಮೆ ಭಾಲ್ಕಿಯಲ್ಲಿ ಎಲ್ಲ ರೋಗಿಗಳೂ ಹೋಗಿ, ನಾನು ಕೈ ತೊಳೆಯುತ್ತಿದ್ದಾಗ ಮಹಾದೇವಿ ಬಂದಳು. ಜೊತೆಗೆ ಮಗಳಿದ್ದಳು, ಉದ್ದ ಜಡೆಯ ಗಂಭೀರ ಹುಡುಗಿ. ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿ ತಾಯಿ ಒಳಗೆ ಬಂದಳು.

"ಏನು ತೊಂದರೆ, ಅಮ್ಮ?"

"ತ್ರಾಸೇನಿಲ್ರಿ. ಒಂದು ಮಾತು ಕೇಳಬೇಕಾಗಿತ್ತು." ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಳು. "ಅಮೀನ್ ಸಾಹೇಬ್ರು ಕೇಳ್ಯಾರ, ವಕೀಲರು ಕೇಳ್ಯಾರ, ಯಾರ್ ದೂಡ್ಯಾರ, ಯಾರ್ ಬೈದಾರ ಅಂತ. ನನಗ ಬೇಕಾದ್ದು ಯಾರೂ ಹೇಳಲಿಲ್ರಿ. ನೀರಾಗ ಅವರಿಗೆ ಭಾಳ ತ್ರಾಸಾಯ್ತೇನ್ರಿ? ನನ್ನ ಕರದಿರಬಹುದೇನ್ರಿ?"

ಅಷ್ಟು ಹೆಣಗಳನ್ನು ಕೊಯ್ದಿದ್ದೆ. ಸತ್ತವನಿಗೆ ನೋವಾಯಿತೇ ಎಂದು ಆ ವರ್ಷ ನನ್ನನ್ನು ಕೇಳಿದವರು ಅವಳೊಬ್ಬಳೇ.

"ಇಲ್ಲ, ಅಮ್ಮ," ಎಂದೆ. ನನಗೆ ತಿಳಿದ ಮಟ್ಟಿಗೆ ಅದು ನಿಜವಾಗಿತ್ತು. "ಮಿರ್ಗಿ ಬಂದ ಗಳಿಗೆಯಲ್ಲೇ ಎಚ್ಚರ ಹೋಗಿಬಿಡುತ್ತೆ. ನೀರಿಗೆ ಬಿದ್ದದ್ದೇ ಅವರಿಗೆ ಗೊತ್ತಾಗಿರಲ್ಲ. ಯಾರನ್ನೂ ಕರೆದಿರಲ್ಲ."

ಅವಳು ಗೋಡೆಗೆ ಕೈಯೂರಿ ಮೆಲ್ಲಗೆ ನೆಲದ ಮೇಲೆ ಕೂತಳು. ಕೋರ್ಟಿನಲ್ಲಿ ತೇವವಾಗದಿದ್ದ ಕಣ್ಣುಗಳಿಂದ ನೀರು ಇಳಿಯತೊಡಗಿತು. ಮಗಳು ಬಾಗಿಲು ಸರಿಸಿ ಒಳಗೆ ಬಂದು, ಏನನ್ನೂ ಕೇಳದೆ, ತಾಯಿಯ ಪಕ್ಕ ಕೂತು ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು.